ಹೆಸರು ನಮ್ಮದು, ಮಾತು ಯಾರದ್ದು?

ಗಲ್ಫಿನಲ್ಲಿರುವ ನಮ್ಮವರಿಗೆ ಎರಡು ಪ್ರಕರಣಗಳು ನೆನಪಿರಬಹುದು. ಎರಡೂ ನಮ್ಮ ಕರಾವಳಿಯವರದ್ದು, ಎರಡೂ ಸೌದಿಯಲ್ಲಿ ನಡೆದದ್ದು. ಎರಡರಲ್ಲೂ ಜೈಲಿಗೆ ಹೋದವರು ಬ್ಯಾರಿಗಳಲ್ಲ. ಹಾಗಾಗಿಯೋ ಏನೋ, ನಮ್ಮ ಕೂಟಗಳಲ್ಲಿ ಅವುಗಳ ಬಗ್ಗೆ ಮಾತು ಬಂದದ್ದು ಕಮ್ಮಿ. ಬಂದರೂ ತಗ್ಗಿದ ಸ್ವರದಲ್ಲಿ ಬಂದು ಹೋಗಿದೆ.

ಮೊದಲನೆಯದು ಕುಂದಾಪುರ ಕಡೆಯ ಒಬ್ಬ ಎಸಿ ಮೆಕ್ಯಾನಿಕ್‌ನದ್ದು. 2019ರ ಡಿಸೆಂಬರ್. ಪೌರತ್ವ ಕಾಯ್ದೆಯ ಗಲಾಟೆಯಿಂದ ಊರು ಕುದಿಯುತ್ತಿದ್ದ ದಿನಗಳು. ದಮ್ಮಾಮ್‌ನಲ್ಲಿ ಕೆಲಸಕ್ಕಿದ್ದ ಆತ ಆ ವಿಷಯದಲ್ಲಿ ಫೇಸ್‌ಬುಕ್‌ನಲ್ಲಿ ಏನೋ ಹಂಚಿಕೊಂಡರು, ಆಕ್ಷೇಪ ಬಂತು, ಕ್ಷಮೆ ಕೇಳಿದರು, ಖಾತೆಯನ್ನೂ ನಿಲ್ಲಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಷ್ಟರಲ್ಲೇ ಆತನ ಹೆಸರು, ಆತನ ಫೋಟೋ ಇಟ್ಟುಕೊಂಡು ಇನ್ನೊಂದು ಖಾತೆ ಹುಟ್ಟಿತು. ಅದರಲ್ಲಿ ಸೌದಿಯ ಯುವರಾಜರ ಬಗ್ಗೆಯೂ ಮಕ್ಕಾದ ಬಗ್ಗೆಯೂ ಬಾಯಿಗೆ ಬಂದ ಹಾಗೆ ಬರೆಯಲಾಗಿತ್ತು. ಅದರ ಸ್ಕ್ರೀನ್‌ಶಾಟ್‌ಗಳು ಓಡಿದವು. ಮನುಷ್ಯ ಜೈಲು ಸೇರಿದರು. ಊರಲ್ಲಿ ಹೆಂಡತಿ ಉಡುಪಿಯ ಸೈಬರ್ ಪೊಲೀಸರಿಗೆ ದೂರು ಕೊಟ್ಟರು. ಪೊಲೀಸರು ಬೆನ್ನು ಹತ್ತಿ 2020ರ ಅಕ್ಟೋಬರಿನಲ್ಲಿ ಬಂಧಿಸಿದ್ದು ಮೂಡುಬಿದಿರೆ ಕಡೆಯ ಇಬ್ಬರು ಅಣ್ಣತಮ್ಮಂದಿರನ್ನು. ಆ ಮೆಕ್ಯಾನಿಕ್ ಊರಿಗೆ ಮರಳಿದ್ದು 2021ರ ಆಗಸ್ಟಿನಲ್ಲಿ. ಹತ್ತಿರ ಹತ್ತಿರ ಇಪ್ಪತ್ತು ತಿಂಗಳು.

ಎರಡನೆಯದು ಮಂಗಳೂರಿನವರದ್ದು. ಸೌದಿಯ ಕಂಪೆನಿಯೊಂದರಲ್ಲಿ 25 ವರ್ಷ ದುಡಿದವರು. ಇವರೂ ಪೌರತ್ವ ಕಾಯ್ದೆಯ ಪರ ಬರೆದವರೇ. ಬೆದರಿಕೆ ಕರೆ ಬಂದ ಮೇಲೆ ಖಾತೆ ಅಳಿಸಿದರು. ಆಮೇಲೆ ಅವರ ಹೆಸರಿನಲ್ಲಿ ನಕಲಿ ಖಾತೆ, ಸೌದಿ ರಾಜರ ಮತ್ತು ಇಸ್ಲಾಮಿನ ವಿರುದ್ಧ ಪೋಸ್ಟು, ಬಂಧನ, ಕೊನೆಗೆ 15 ವರ್ಷದ ಶಿಕ್ಷೆ. ಹೆಂಡತಿ ಮಂಗಳೂರು ಪೊಲೀಸರಿಗೆ ದೂರು ಕೊಟ್ಟರು, ಪೊಲೀಸರು ಫೇಸ್‌ಬುಕ್‌ಗೆ ಮಾಹಿತಿ ಕೇಳಿ ಬರೆದರು, ಉತ್ತರ ಬರಲಿಲ್ಲ. ಹೈಕೋರ್ಟಿಗೆ ಹೋದರು. 2023ರ ಜೂನಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ, ಪೊಲೀಸರ ತನಿಖೆಗೆ ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್ಕಿನ ಕೆಲಸವನ್ನೇ ನಿಲ್ಲಿಸುವ ಆದೇಶ ಮಾಡಬೇಕಾದೀತು ಎಂದು ಎಚ್ಚರಿಸಿತು. ದೇಶವಿಡೀ ಸುದ್ದಿಯಾಯಿತು.

ಆ ಇಬ್ಬರ ಅಭಿಪ್ರಾಯ ನಮಗೆ ಹಿಡಿಸುವಂಥದ್ದಲ್ಲ. ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥ ಇಲ್ಲ. ಆದರೆ ಅವರು ಜೈಲಿಗೆ ಹೋದದ್ದು ತಾವು ಆಡಿದ ಮಾತಿಗಲ್ಲ. ಆಡದ ಮಾತಿಗೆ, ಇನ್ನೊಬ್ಬ ಅವರ ಬಾಯಿಗೆ ತುರುಕಿದ ಮಾತಿಗೆ. ಆ ತುರುಕಿದ ಮಾತು ಯಾವ ಜಾಗದ ಬಗ್ಗೆ? ನಾವು ದಿನಕ್ಕೆ ಐದು ಸಲ ಮುಖ ಮಾಡುವ ಜಾಗದ ಬಗ್ಗೆ. ಇನ್ನೊಬ್ಬನ ಮೇಲಿನ ಸಿಟ್ಟು ತೀರಿಸಲಿಕ್ಕೆ ಮಕ್ಕಾದ ಹೆಸರನ್ನೇ ಕೆಸರಿಗೆಳೆದವನನ್ನು 'ನಮ್ಮ ಹುಡುಗ, ಆವೇಶದಲ್ಲಿ ಮಾಡಿದ' ಅಂತ ಯಾರಾದರೂ ಸಮರ್ಥಿಸಿದರೆ ನಮಗೆ ಅದು ಅರ್ಥವಾಗುವುದಿಲ್ಲ ಮಾರಾಯ್ರೆ. ಹೆಸರು ಕದಿಯುವುದು ಕಳ್ಳತನ. ಕದ್ದ ಹೆಸರಿನಲ್ಲಿ ಒಬ್ಬನ ಅನ್ನ ಕಿತ್ತುಕೊಳ್ಳುವುದು ಅದಕ್ಕಿಂತ ದೊಡ್ಡದು. ಪರದೇಶದಲ್ಲಿ ದುಡಿಯುವವನ ಬಳಿ ಪಾಸ್‌ಪೋರ್ಟು, ಇಖಾಮ, ಹೆಸರು, ಇವಿಷ್ಟೇ ಆಸ್ತಿ. ಇದೇ ಅಸ್ತ್ರ ನಾಳೆ ನಮ್ಮ ಕಡೆಯವನ ಮೇಲೂ ತಿರುಗುತ್ತದೆ. ಕೋಪವಿದ್ದವನಿಗೆ ಬೇಕಾದದ್ದು ಒಂದು ಫೋಟೋ, ಒಂದು ಹೆಸರು, ಐದು ನಿಮಿಷ.

ಇದನ್ನೆಲ್ಲ ಈಗ ಯಾಕೆ ಎತ್ತುತ್ತಿದ್ದೇವೆ ಅಂದರೆ, ಆ ಪ್ರಕರಣಗಳಲ್ಲಿ ಕೊನೇ ಪಕ್ಷ ಬಾಗಿಲು ತಟ್ಟಲಿಕ್ಕೆ ಒಂದು ಕಂಪೆನಿ ಇತ್ತು. ಉತ್ತರ ಕೊಡಲಿಲ್ಲ, ಸತಾಯಿಸಿತು, ಆದರೂ ನ್ಯಾಯಾಲಯ ನೋಟಿಸು ಕೊಡಲಿಕ್ಕೆ ಒಂದು ವಿಳಾಸ ಇತ್ತು. ಈಗ ನಮ್ಮ ಮಕ್ಕಳು, ತಮ್ಮಂದಿರು ಹೋಗಿ ಸೇರುತ್ತಿರುವ ಹೊಸ ಜಾಲತಾಣಗಳಿಗೆ ಆ ಒಂದು ವಿಳಾಸವೂ ಇಲ್ಲ.

ವಿಕೇಂದ್ರಿತ ಜಾಲತಾಣ ಅಂತ ಇವುಗಳಿಗೆ ಹೆಸರು. ಮಾಸ್ಟೊಡಾನ್ ಹಳೆಯದು, ಜರ್ಮನಿಯ ಯೂಗೆನ್ ರೊಚ್ಕೊ ಎಂಬವರು 2016ರಲ್ಲಿ ಶುರು ಮಾಡಿದ್ದು. ಭಾರತದವರು ಮೊದಲ ಸಲ ದಂಡಾಗಿ ಅಲ್ಲಿಗೆ ಹೋದದ್ದು 2019ರ ನವೆಂಬರಿನಲ್ಲಿ, ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಯನ್ನು ಅಮಾನತು ಮಾಡಿದಾಗ. ಮತ್ತೆ 2022ರ ಕೊನೆಗೆ ಟ್ವಿಟರ್ ಕೈಬದಲಾದಾಗ ಇನ್ನೊಂದು ದಂಡು ಹೋಯಿತು. ಬ್ಲೂಸ್ಕೈ ಎಂಬುದು 2024ರ ಫೆಬ್ರವರಿಯಿಂದ ಆಹ್ವಾನ ಇಲ್ಲದೆಯೂ ಎಲ್ಲರಿಗೂ ತೆರೆಯಿತು. ಒಬ್ಬ ಧಣಿಯ ಮರ್ಜಿಗೆ ನಮ್ಮ ಮಾತು ಸಿಕ್ಕಿಬೀಳಬಾರದು ಎಂಬ ಆಸೆ ಇವುಗಳ ಹಿಂದೆ ಉಂಟು. ಆ ಆಸೆ ನಮಗೂ ಒಪ್ಪಿಗೆಯೇ.

ಆದರೆ ಹೆಸರಿನ ವಿಷಯಕ್ಕೆ ಬಂದಾಗ ಅಲ್ಲಿಯ ಲೆಕ್ಕ ಬೇರೆ. ಮಾಸ್ಟೊಡಾನ್ ಅಂದರೆ ಒಂದು ಕಟ್ಟಡ ಅಲ್ಲ, ಸಾವಿರಾರು ಸರ್ವರ್‌ಗಳ ಊರು. ಒಂದೊಂದು ಸರ್ವರನ್ನು ಒಬ್ಬೊಬ್ಬರು ನಡೆಸುತ್ತಾರೆ, ಹೆಚ್ಚಿನವರು ಸ್ವಯಂಸೇವಕರು. ನಮ್ಮ ಕಡೆ ಹಮೀದ್ ಎಂಬ ಹೆಸರಿನವರು ಎಷ್ಟು ಮಂದಿ ಇದ್ದಾರೆ? ಹಾಗಾಗಿ ನಾವು ಊರಿನ ಹೆಸರು ಸೇರಿಸಿ ಹಮೀದ್ ಉಳ್ಳಾಲ, ಹಮೀದ್ ಕೃಷ್ಣಾಪುರ, ಹಮೀದ್ ಫರಂಗಿಪೇಟೆ ಅನ್ನುತ್ತೇವೆ. ಮಾಸ್ಟೊಡಾನ್‌ನಲ್ಲಿಯೂ ಹಾಗೆಯೇ, ಇಮೇಲ್ ವಿಳಾಸದ ಹಾಗೆ ಹೆಸರಿನ ಜೊತೆ ಸರ್ವರ್‌ನ ಹೆಸರು ಇರುತ್ತದೆ. ಒಂದು ಸರ್ವರ್‌ನಲ್ಲಿ ಹಮೀದ್ ಎಂಬ ಖಾತೆ ನಿಮ್ಮದಾದರೆ, ಇನ್ನೊಂದು ಸರ್ವರ್‌ನಲ್ಲಿ ಅದೇ ಹಮೀದ್ ಎಂಬ ಖಾತೆಯನ್ನು ಯಾರು ಬೇಕಾದರೂ ತೆರೆಯಬಹುದು. ನಿಮ್ಮದೇ ಫೋಟೋ ಹಾಕಬಹುದು. ಮೊಬೈಲಿನ ಸಣ್ಣ ಪರದೆಯಲ್ಲಿ ಹೆಸರಿನ ಮೊದಲ ಭಾಗ ಮಾತ್ರ ಕಣ್ಣಿಗೆ ಬೀಳುತ್ತದೆ, ಊರು ಯಾವುದು ಅಂತ ನೋಡುವವರು ಯಾರು?

ದೂರು ಕೊಟ್ಟರೆ? ಆ ನಕಲಿ ಖಾತೆ ಇರುವ ಸರ್ವರ್‌ನ ಯಜಮಾನನಿಗೆ ದೂರು ಹೋಗುತ್ತದೆ. ಒಳ್ಳೆಯವನಾದರೆ ಅದೇ ದಿನ ತೆಗೆಯುತ್ತಾನೆ. ಇಲ್ಲಾಂದ್ರೆ ಇಲ್ಲ. ನಕಲಿ ಮಾಡಿದವನು ತನ್ನದೇ ಸರ್ವರ್ ಇಟ್ಟುಕೊಂಡು ಕೂತಿದ್ದರೆ ಆ ಖಾತೆಯನ್ನು ಅಳಿಸುವವರು ಯಾರೂ ಇಲ್ಲ. ಉಳಿದ ಸರ್ವರ್‌ಗಳು ಅವನ ಸರ್ವರ್‌ಗೆ ಬಾಗಿಲು ಹಾಕಬಹುದು, ಅಷ್ಟೇ. ಭಾರತದಲ್ಲಿ 2021ರಲ್ಲಿ ಬಂದ ಐಟಿ ನಿಯಮವು, ನಕಲಿ ಹೆಸರಿನ ಪೋಸ್ಟಿನ ಬಗ್ಗೆ ಸಂತ್ರಸ್ತನೇ ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಲಿಕ್ಕೆ ಕ್ರಮ ಕೈಗೊಳ್ಳಬೇಕು ಎಂದಿತು. ಒಳ್ಳೆಯ ನಿಯಮ. ಆದರೆ ಯಾವುದೋ ದೇಶದ ಯಾವುದೋ ಕೋಣೆಯಲ್ಲಿ ಒಂದು ಕಂಪ್ಯೂಟರು ಇಟ್ಟುಕೊಂಡವನಿಗೆ ಈ ನಿಯಮವನ್ನು ಓದಿ ಹೇಳುವವರು ಯಾರು? ಬೀಗ ಹಾಕುತ್ತೇವೆ ಎಂದು ಹೈಕೋರ್ಟು ಗದರಿಸಬೇಕಾದರೂ ಬೀಗ ಹಾಕಲಿಕ್ಕೆ ಒಂದು ಬಾಗಿಲು ಬೇಕಲ್ಲ.

ಹಾಗಂತ ದೊಡ್ಡ ಕಂಪೆನಿಗಳಿದ್ದಲ್ಲಿ ಎಲ್ಲವೂ ಸರಿ ಇತ್ತು ಎಂದೇನಲ್ಲ. ನೈರೋಬಿಯಲ್ಲಿರುವ ನಮಗೆ ಇದು ಸ್ವಲ್ಪ ಹತ್ತಿರದಿಂದ ಗೊತ್ತು. ಫೇಸ್‌ಬುಕ್‌ನಲ್ಲಿ ನೀವು ದೂರಿನ ಗುಂಡಿ ಒತ್ತಿದಾಗ ಅದನ್ನು ನೋಡುವವರಲ್ಲಿ ಒಂದು ಪಾಲು 2019ರಿಂದ 2023ರ ಆರಂಭದವರೆಗೆ ಇದೇ ಊರಿನಲ್ಲಿ, ಸಮಾ ಎಂಬ ಗುತ್ತಿಗೆ ಕಂಪೆನಿಯ ಕಚೇರಿಯಲ್ಲಿ ಕೂರುತ್ತಿದ್ದರು. ಇಥಿಯೋಪಿಯಾ, ಸೊಮಾಲಿಯಾ, ದಕ್ಷಿಣ ಆಫ್ರಿಕಾದಿಂದ ಕೆಲಸಕ್ಕೆ ಬಂದವರು, ನಮ್ಮ ಹಾಗೆಯೇ ಪರದೇಶಿಗಳು. ಗಂಟೆಗೆ ಒಂದೂವರೆ ಡಾಲರಿನಷ್ಟು ಕೂಲಿಗೆ ಕೊಲೆ, ಹಿಂಸೆಯ ವಿಡಿಯೋಗಳನ್ನು ದಿನವಿಡೀ ನೋಡುವ ಕೆಲಸ ಎಂಬುದು 2022ರಲ್ಲಿ ಟೈಮ್ ಪತ್ರಿಕೆಯ ವರದಿಯಿಂದ ಹೊರಬಂತು. ಡೇನಿಯಲ್ ಮೊಟಾಂಗ್ ಎಂಬ ನೌಕರ ಮೊದಲು ಕೇಸು ಹಾಕಿದರು, ಮರು ವರ್ಷ 180ಕ್ಕೂ ಹೆಚ್ಚು ಮಂದಿ ಹಾಕಿದರು. ಮೆಟಾ ಕಂಪೆನಿಯನ್ನು ಕೆನ್ಯಾದ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು ಎಂದು ಇಲ್ಲಿಯ ಮೇಲ್ಮನವಿ ನ್ಯಾಯಾಲಯ 2024ರ ಸೆಪ್ಟೆಂಬರಿನಲ್ಲಿ ಹೇಳಿತು. ಅಷ್ಟು ದೊಡ್ಡ ಕಂಪೆನಿಯ ದೂರಿನ ಕಟ್ಟೆ ಅಂದರೆ ಕೊನೆಗೆ ಇಷ್ಟೇ: ಸಂಬಳ ಸಾಲದ, ನಿದ್ದೆ ಕಳೆದುಕೊಂಡ ಒಬ್ಬ ಕಾರ್ಮಿಕ.

ನೀಲಿ ಟಿಕ್‌ನ ಕಥೆ ಇನ್ನೂ ಚಂದ. ಮೊದಲು ಟ್ವಿಟರ್‌ನಲ್ಲಿ ಟಿಕ್ ಇದ್ದರೆ ಆ ಮನುಷ್ಯ ಅವನೇ ಅಂತ ಯಾರೋ ಪರಿಶೀಲಿಸಿದ್ದಾರೆ ಎಂದು ಅರ್ಥ. 2022ರ ನವೆಂಬರಿನಲ್ಲಿ ತಿಂಗಳಿಗೆ ಎಂಟು ಡಾಲರ್ ಕೊಟ್ಟವರಿಗೆಲ್ಲ ಟಿಕ್ ಎಂದಾಯಿತು. ಕೂಡಲೇ ಯಾರೋ ಒಬ್ಬ ಅಮೆರಿಕದ ಔಷಧ ಕಂಪೆನಿ ಎಲಿ ಲಿಲ್ಲಿಯ ಹೆಸರಿನಲ್ಲಿ ಟಿಕ್ ಖರೀದಿಸಿ, ಇನ್ನು ಇನ್ಸುಲಿನ್ ಉಚಿತ ಎಂದು ಬರೆದ. ನಿಜವಾದ ಕಂಪೆನಿ ಬಂದು ಅಲ್ಲಪ್ಪಾ, ಅದು ನಾವಲ್ಲ, ಕ್ಷಮಿಸಿ ಎನ್ನಬೇಕಾಯಿತು. ಲೆಕ್ಕ ಬರೆಯುವ ನಮಗೆ ಇದನ್ನು ನೋಡಿದಾಗ ಅನಿಸಿದ್ದು: ರಶೀದಿ ಪುಸ್ತಕವನ್ನೇ ಅಂಗಡಿಯಲ್ಲಿ ಮಾರಲಿಕ್ಕೆ ಇಟ್ಟರೆ ರಶೀದಿಗೆ ಎಂತ ಬೆಲೆ?

ಹಾಗಾದರೆ ಹೊಸ ತಾಣಗಳಲ್ಲಿ ಅಸಲಿ ಯಾರು, ನಕಲಿ ಯಾರು ಅಂತ ತಿಳಿಯುವುದು ಹೇಗೆ? ಇಲ್ಲಿ ಒಂದು ಒಳ್ಳೆಯ ಸಂಗತಿ ಉಂಟು, ಮತ್ತು ನಮ್ಮ ಬಳಗದವರು ಗಮನ ಕೊಡಬೇಕಾದದ್ದು ಇದಕ್ಕೇ. ಮಾಸ್ಟೊಡಾನ್‌ನಲ್ಲಿ ಟಿಕ್ ಮಾರುವುದಿಲ್ಲ. ನಿಮ್ಮದೇ ಒಂದು ಜಾಲಪುಟ ಇದ್ದರೆ ಅದರ ಕೊಂಡಿಯನ್ನು ಖಾತೆಯಲ್ಲಿ ಹಾಕುತ್ತೀರಿ. ಆ ಪುಟದಲ್ಲಿ 'ಈ ಖಾತೆ ನಮ್ಮದು' ಎಂಬ ಅರ್ಥದ ತಿರುಗು ಕೊಂಡಿ ಇಡುತ್ತೀರಿ. ಸರ್ವರ್ ಹೋಗಿ ನೋಡುತ್ತದೆ. ಎರಡೂ ತಾಳೆಯಾದರೆ ಆ ಕೊಂಡಿಯ ಪಕ್ಕ ಹಸಿರು ಗುರುತು ಬರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಬ್ಯಾಂಕ್ ತಾಳೆಪಟ್ಟಿ. ನಮ್ಮ ಪುಸ್ತಕ ಹೇಳುವುದೂ ಬ್ಯಾಂಕಿನ ಪುಸ್ತಕ ಹೇಳುವುದೂ ಒಂದೇ ಆಗಬೇಕು, ಒಂದೇ ಕಡೆಯ ಬರಹಕ್ಕೆ ಬೆಲೆ ಇಲ್ಲ. ಹುಷಾರಾಗಿರಬೇಕಾದ ಒಂದು ಮಾತು: ಹೆಸರಿನ ಪಕ್ಕದಲ್ಲೇ ಟಿಕ್‌ನ ಚಿತ್ರ ಅಂಟಿಸಿಕೊಂಡವರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅದು ಬರೀ ಅಲಂಕಾರ. ನೋಡಬೇಕಾದದ್ದು ಕೆಳಗೆ, ಕೊಂಡಿಯ ಪಕ್ಕ.

ಬ್ಲೂಸ್ಕೈಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ನಿಮ್ಮ ಬಳಿ ಡೊಮೈನ್, ಅಂದರೆ ಜಾಲವಿಳಾಸ ಇದ್ದರೆ ಅದನ್ನೇ ಖಾತೆಯ ಹೆಸರಾಗಿ ಇಟ್ಟುಕೊಳ್ಳಬಹುದು. ಆ ಡೊಮೈನಿನ ಒಡೆಯ ಮಾತ್ರ ಅದನ್ನು ಮಾಡಬಲ್ಲ. ಒಂದು ಸಂಸ್ಥೆಗೆ ಡೊಮೈನ್ ಇದ್ದರೆ ಅದರ ಕೆಳಗೆ ಅಧ್ಯಕ್ಷರಿಗೆ ಒಂದು, ಕೋಶಾಧಿಕಾರಿಗೆ ಒಂದು ಹೆಸರು ಕೊಡಬಹುದು. ಅವಧಿ ಮುಗಿದವರ ಹೆಸರನ್ನು ಬ್ಯಾಂಕಿನಲ್ಲಿ ಸಹಿ ಬದಲಾಯಿಸಿದ ಹಾಗೆ ಹಿಂದಕ್ಕೆ ತೆಗೆದುಕೊಳ್ಳಬಹುದು. 2024ರ ನವೆಂಬರಿನಲ್ಲಿ ಜನ ಒಮ್ಮೆಲೇ ನುಗ್ಗಿ ನಕಲಿಗಳು ಹೆಚ್ಚಾದಾಗ ಬ್ಲೂಸ್ಕೈ ತನ್ನ ನಿಯಮ ಬಿಗಿ ಮಾಡಿತು. 2025ರ ಏಪ್ರಿಲಿನಲ್ಲಿ ಅದೂ ನೀಲಿ ಟಿಕ್ ತಂದಿತು. ಆದರೆ ತಾನೊಬ್ಬನೇ ಕೊಡದೆ, ಕೆಲವು ನಂಬಿಗಸ್ತ ಸಂಸ್ಥೆಗಳೂ ತಮ್ಮವರಿಗೆ ಕೊಡಬಹುದು ಎಂದಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ವರದಿಗಾರರಿಗೆ ತಾನೇ ಸಾಕ್ಷಿ ಹೇಳುವುದು. ಇದು ನಮಗೆ ಹೊಸದಲ್ಲ. ಹೊಸಬನೊಬ್ಬ ಸಂಬಂಧ ಕೇಳಿಕೊಂಡು ಬಂದರೆ ನಾವು ಮೊದಲು ವಿಚಾರಿಸುವುದು ಅವನ ಜಮಾಅತಿನಲ್ಲಿ, ಅವನ ಆಧಾರ್ ಕಾರ್ಡನ್ನಲ್ಲ.

ಇನ್ನು ನೈರೋಬಿಯ ಮಾತು. ಇಲ್ಲಿ ನಮ್ಮಂಥವರನ್ನು ಸ್ವಾಹಿಲಿಯಲ್ಲಿ ಮ್ಹಸಿಬು ಅನ್ನುತ್ತಾರೆ, ಲೆಕ್ಕಿಗ ಎಂದರ್ಥ. ಹಿಸಾಬ್ ಎಂಬ ಅದೇ ಅರಬಿ ಪದ ಸಮುದ್ರ ದಾಟಿ ಎರಡೂ ದಡಕ್ಕೆ ಬಂದದ್ದು. 2007ರ ಮಾರ್ಚಿನಲ್ಲಿ ಸಫಾರಿಕಾಮ್ ಕಂಪೆನಿ ಎಂ-ಪೆಸಾ ಶುರು ಮಾಡಿದ ಮೇಲೆ ಈ ದೇಶದಲ್ಲಿ ಹಣ ಫೋನಿನಲ್ಲೇ ಓಡಾಡುತ್ತದೆ. ತರಕಾರಿಯವಳಿಗೂ ಅದೇ, ಮಟಾಟು ಬಸ್ಸಿಗೂ ಅದೇ. ಹಣ ಕಳಿಸುವಾಗ ಪಡೆಯುವವನ ಹೆಸರು ಪರದೆಯ ಮೇಲೆ ಬರುತ್ತದೆ, ಅವನೇ ಹೌದಾ ಅಂತ ನೋಡಿ ಮುಂದುವರಿಯಬೇಕು, ತಪ್ಪಿದ್ದರೆ ಅಲ್ಲೇ ನಿಲ್ಲಿಸಬಹುದು. ಈ ವ್ಯವಸ್ಥೆಯ ಹೆಸರು ಹಕಿಕಿಶಾ. ಹಕೀಕತ್ತು ಗೊತ್ತಿದ್ದವರಿಗೆ ಅರ್ಥ ಹೇಳಬೇಕಾಗಿಲ್ಲ: ಖಚಿತಪಡಿಸಿಕೋ.

ಇಷ್ಟಿದ್ದೂ ಮೋಸ ನಿಂತಿಲ್ಲ ಎಂಬುದು ಪಾಠ. 'ತಪ್ಪಿ ನಿಮ್ಮ ನಂಬರಿಗೆ ಹಣ ಬಂತು, ವಾಪಸು ಕಳಿಸಿ' ಎಂಬ ಕರೆ ಬಂದರೆ ಇಲ್ಲಿಯವರು ನಗುತ್ತಾ ಕಮಿಟಿ ಎನ್ನುತ್ತಾರೆ. ನೈರೋಬಿಯ ಹೊರಗಿರುವ ದೊಡ್ಡ ಜೈಲಿನ ಹೆಸರು ಅದು, ಅಂಥ ಕರೆಗಳು ಅದರ ಒಳಗಿಂದಲೇ ಬರುತ್ತವೆ ಎಂಬುದು ಊರಿಗೆಲ್ಲ ಗೊತ್ತು. ಅದಕ್ಕಿಂತ ಅಪಾಯ ಸಿಮ್ ಬದಲಾವಣೆಯದ್ದು. ನಿಮ್ಮ ವಿವರ ಹೇಳಿ ಯಾರೋ ನಿಮ್ಮ ನಂಬರಿನ ಹೊಸ ಸಿಮ್ ಪಡೆಯುತ್ತಾನೆ. ನಿಮ್ಮ ಫೋನು ಸತ್ತು ಬೀಳುತ್ತದೆ, ಒಟಿಪಿಗಳೆಲ್ಲ ಅವನಿಗೆ. ಇದಕ್ಕೆ ಸಫಾರಿಕಾಮ್‌ನಲ್ಲಿ *100*100# ಒತ್ತಿ ಬೀಗ ಹಾಕಿಕೊಳ್ಳಬಹುದು. ಆಮೇಲೆ ಕಂಪೆನಿಯ ಅಂಗಡಿಗೆ ನಾವೇ ಹೋಗದೆ ಸಿಮ್ ಬದಲಾಗುವುದಿಲ್ಲ. ಕಂಪೆನಿ ಗ್ರಾಹಕರಿಗೆ ಕರೆ ಮಾಡುವುದು 0722 000 000 ಎಂಬ ಒಂದೇ ನಂಬರಿನಿಂದ ಎಂದು ಅವರೇ ಸಾರಿ ಸಾರಿ ಹೇಳಿದ್ದಾರೆ. ಹೊಸದಾಗಿ ಈ ಊರಿಗೆ ಬರುವ ನಮ್ಮವರು ಇದನ್ನು ಮೊದಲ ವಾರದಲ್ಲೇ ಮಾಡಿಕೊಳ್ಳಬೇಕು.

ಜಾಲತಾಣಕ್ಕೂ ಸಿಮ್‌ಗೂ ಎಂತ ಸಂಬಂಧ ಅಂತ ಕೇಳಬಹುದು. ಪರದೇಶದಲ್ಲಿರುವವರಿಗೆ ಇದೇ ದೊಡ್ಡ ತೂತು. ನಮ್ಮಲ್ಲಿ ಹೆಚ್ಚಿನವರ ಫೇಸ್‌ಬುಕ್, ಇಮೇಲ್, ಬ್ಯಾಂಕು ಎಲ್ಲವೂ ಊರಿನ ಹಳೆಯ ನಂಬರಿಗೆ ಕಟ್ಟಿಕೊಂಡಿರುತ್ತದೆ. ನಾವು ಹೊರಗೆ ಬಂದ ಮೇಲೆ ಆ ಸಿಮ್‌ಗೆ ರೀಚಾರ್ಜು ಇಲ್ಲ, ಬಳಕೆ ಇಲ್ಲ. ನಂಬರು ರದ್ದಾಗುತ್ತದೆ. ರದ್ದಾದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು ಎಂಬುದನ್ನು ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೇ ತಿಳಿಸಿದೆ. ಆಮೇಲೆ ಬಿಹಾರದ ಒಬ್ಬ ಹುಡುಗನೋ ಬೆಳಗಾವಿಯ ಒಬ್ಬ ಅಜ್ಜಿಯೋ ಆ ನಂಬರಿನ ಹೊಸ ಯಜಮಾನ. ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದರೆ ಕೋಡು ಅವರಿಗೆ ಹೋಗುತ್ತದೆ. ಅವರು ಕಳ್ಳರಾಗಿರಬೇಕೆಂದಿಲ್ಲ, ಕಳ್ಳರಾಗಿದ್ದರೆ ಕಥೆ ಮುಗಿಯಿತು. ಮಾಸ್ಟೊಡಾನ್‌ನಲ್ಲಿ ಫೋನ್ ನಂಬರೇ ಕೇಳುವುದಿಲ್ಲ, ಎಲ್ಲ ಇಮೇಲ್ ಮೇಲೆ ನಿಂತದ್ದು. ಆದರೆ ಆ ಇಮೇಲ್ ಊರಿನ ಸತ್ತ ನಂಬರಿಗೆ ಕಟ್ಟಿಕೊಂಡಿದ್ದರೆ ಬೀಗ ಹಾಕಿ ಕೀಲಿಯನ್ನು ಚಾವಡಿಯಲ್ಲಿ ಇಟ್ಟ ಹಾಗೆ. ಎಸ್ಸೆಮ್ಮೆಸ್ ಕೋಡಿಗಿಂತ ಫೋನಿನೊಳಗೇ ಕೋಡು ಹುಟ್ಟಿಸುವ ಆ್ಯಪ್ ಎಷ್ಟೋ ಮೇಲು, ರೋಮಿಂಗೂ ಬೇಡ. ವಾಟ್ಸ್ಆ್ಯಪ್‌ನಲ್ಲಿ ಆರಂಕಿಯ ಎರಡನೇ ಪಿನ್ ಇಟ್ಟುಕೊಳ್ಳುವುದು ಎರಡು ನಿಮಿಷದ ಕೆಲಸ. ಊರಲ್ಲಿರುವ ಉಮ್ಮನ ಫೋನಿನಲ್ಲಿ ಅದನ್ನು ಮಾಡಿಟ್ಟವರು ಎಷ್ಟು ಮಂದಿ?

ಈಗ ಬಳಗಕ್ಕೆ ನಮ್ಮ ಸಲಹೆ. ನಮ್ಮಂಥ ಸಂಘಗಳ ಲೆಕ್ಕಪತ್ರಗಳನ್ನು ಅಲ್ಲಿ ಇಲ್ಲಿ ನೋಡಿದವರು ನಾವು. ಎಲ್ಲ ಕಡೆ ಒಂದೇ ಕಥೆ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ರಶೀದಿ ಪುಸ್ತಕಕ್ಕೆ ನಂಬರು, ಲೆಟರ್‌ಹೆಡ್ಡಿಗೆ ಬೀಗ. ಆದರೆ ಫೇಸ್‌ಬುಕ್ ಪುಟ? ಅದು ಯಾರೋ ಉತ್ಸಾಹಿ ಹುಡುಗ ತನ್ನ ಸ್ವಂತ ಖಾತೆಯಲ್ಲಿ ಶುರು ಮಾಡಿದ್ದು. ಅವನು ಎರಡು ವರ್ಷದ ಹಿಂದೆ ವೀಸಾ ಮುಗಿಸಿ ಊರಿಗೆ ಹೋದ. ಪಾಸ್‌ವರ್ಡು ಅವನ ಜೊತೆಗೇ ಹೋಯಿತು. ಹೀಗೆ ಬಿಟ್ಟುಹೋದ ಪುಟಗಳೇ ನಕಲಿಗಳಿಗೆ ಫಲವತ್ತಾದ ಗದ್ದೆ. ರಮಳಾನಿನಲ್ಲಿ ಝಕಾತ್ ಸಂಗ್ರಹದ ಹೊತ್ತಿಗೆ, ಯಾರಾದರೂ ಪರದೇಶದಲ್ಲಿ ತೀರಿಕೊಂಡು ಮಯ್ಯಿತ್ ಊರಿಗೆ ಕಳಿಸಲಿಕ್ಕೆ ಹಣ ಎತ್ತುವ ಹೊತ್ತಿಗೆ, ಅದೇ ಲಾಂಛನ ಇಟ್ಟುಕೊಂಡು ಬೇರೆ ಯಾವುದೋ ಖಾತೆ ನಂಬರು ಹಂಚುವವನಿಗೆ ಇದಕ್ಕಿಂತ ಸುಲಭ ಉಂಟಾ?

ಹಾಗಾಗಿ ಬಳಗ ತನ್ನದೇ ಒಂದು ಡೊಮೈನ್ ಕೊಳ್ಳಬೇಕು. ವರ್ಷಕ್ಕೆ ಸಾವಿರ, ಸಾವಿರದೈನೂರು ರೂಪಾಯಿಯ ಮಾತು, ವಾರ್ಷಿಕ ಕೂಟದ ಒಂದು ಬ್ಯಾನರಿಗೆ ಇದಕ್ಕಿಂತ ಹೆಚ್ಚಾಗುತ್ತದೆ. ಅದರಲ್ಲಿ ಒಂದೇ ಒಂದು ಪುಟ ಸಾಕು. ನಮ್ಮ ಅಧಿಕೃತ ಖಾತೆಗಳು ಇವು, ನಮ್ಮ ಪದಾಧಿಕಾರಿಗಳ ಖಾತೆಗಳು ಇವು, ಹಣ ಕಳಿಸಬೇಕಾದ ಬ್ಯಾಂಕ್ ಖಾತೆ ಇದು, ಇದರಲ್ಲಿ ಇಲ್ಲದ್ದು ನಮ್ಮದಲ್ಲ. ಮಾಸ್ಟೊಡಾನ್ ಇರಲಿ, ಬ್ಲೂಸ್ಕೈ ಇರಲಿ, ನಾಳೆ ಬರುವ ಇನ್ನೊಂದಿರಲಿ, ಎಲ್ಲದರ ಗುರುತೂ ಆ ಪುಟಕ್ಕೆ ಬಂದು ತಾಳೆಯಾಗಬೇಕು. ತಾಣಗಳು ಬರುತ್ತವೆ, ಮುಚ್ಚುತ್ತವೆ. 2023ರಲ್ಲಿ ಮಾಸ್ಟೊಡಾನ್ ಡಾಟ್ ಲೋಲ್ ಎಂಬ ಸರ್ವರನ್ನು ಅದರ ಯಜಮಾನ ಬೇಸತ್ತು ಮುಚ್ಚಿಯೇ ಬಿಟ್ಟ. ಖಾತೆ ಬೇರೆ ಸರ್ವರ್‌ಗೆ ಸಾಗಿಸಿದರೆ ಹಿಂಬಾಲಕರು ಜೊತೆಗೆ ಬರುತ್ತಾರೆ, ಬರೆದದ್ದು ಬರುವುದಿಲ್ಲ. 2024ರಲ್ಲಿ ಇನ್ನೊಂದು ಸರ್ವರ್‌ನ ವಿಳಾಸ ಅಫ್ಘಾನಿಸ್ತಾನದ ಡಾಟ್ ಎಎಫ್‌ನಲ್ಲಿ ಮುಗಿಯುತ್ತಿತ್ತು ಎಂಬ ಕಾರಣಕ್ಕೆ ಅಲ್ಲಿಯ ಆಡಳಿತ ಅದನ್ನು ಕಿತ್ತುಕೊಂಡಿತು. ವಿಳಾಸ ಕೊಳ್ಳುವಾಗ ಕೊನೆಯ ಆ ಎರಡಕ್ಷರ ಯಾವ ಸರಕಾರದ್ದು ಅಂತಲೂ ನೋಡಬೇಕು.

ಡೊಮೈನ್ ಯಾರ ಹೆಸರಿನಲ್ಲಿ ಎಂಬುದೇ ಮುಖ್ಯ ಪ್ರಶ್ನೆ. ಕಾರ್ಯದರ್ಶಿಯ ಸ್ವಂತ ಹೆಸರಿನಲ್ಲಿ ಅಲ್ಲ. ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇಮೇಲ್‌ನಲ್ಲಿ, ಇಬ್ಬರ ಕೈಯಲ್ಲಿ. ಒಬ್ಬರು ಪರದೇಶದಲ್ಲಿ, ಒಬ್ಬರು ಊರಿನಲ್ಲಿದ್ದರೆ ಇನ್ನೂ ಒಳ್ಳೆಯದು. ಒಂದು ವರ್ಷ ಶುಲ್ಕ ಕಟ್ಟಲು ಮರೆತು ಅದು ಕೈತಪ್ಪಿದರೆ ಕೊಂಡವನೇ ನಾವಾಗುತ್ತಾನೆ. ಅವನ ಪುಟಕ್ಕೆ ಹಸಿರು ಗುರುತೂ ಬೀಳುತ್ತದೆ, ಕಾನೂನುಬದ್ಧವಾಗಿ ಕಾಣುತ್ತದೆ. ಗುರುತು ಹೇಳುವುದು ಈ ಪುಟ, ಈ ಖಾತೆ ಎರಡೂ ಒಬ್ಬನದ್ದೇ ಎಂದು ಮಾತ್ರ, ಆ ಒಬ್ಬ ಒಳ್ಳೆಯವನು ಎಂದಲ್ಲ.

ಇನ್ನೊಂದು ವಾದ ಕೇಳಿಬರುತ್ತದೆ: ಎಲ್ಲ ಖಾತೆಗಳಿಗೂ ಆಧಾರ್ ಜೋಡಿಸಿ, ಸ್ವಂತ ಹೆಸರಿಲ್ಲದೆ ಯಾರಿಗೂ ಬರೆಯಲಿಕ್ಕೆ ಬಿಡಬೇಡಿ, ನಕಲಿ ತಾನಾಗಿ ನಿಲ್ಲುತ್ತದೆ ಎಂದು. ಕೇಳಲಿಕ್ಕೆ ಚಂದ. ಆದರೆ ಆರು ತಿಂಗಳಿಂದ ಸಂಬಳ ಕಾಣದ ಕಾರ್ಮಿಕ ತನ್ನ ಕಂಪೆನಿಯ ಬಗ್ಗೆ, ಪಾಸ್‌ಪೋರ್ಟು ಹಿಡಿದಿಟ್ಟುಕೊಂಡ ಏಜೆಂಟನ ಬಗ್ಗೆ ಬರೆಯುವುದು ಹೆಸರು ಮರೆಸಿಕೊಂಡೇ. ಅವನ ಆ ಒಂದು ಕಿಟಕಿಯನ್ನೂ ಮುಚ್ಚುವ ವಾದಕ್ಕೆ ಪರದೇಶಿ ಕಾರ್ಮಿಕರ ಬಳಗ ತಲೆಯಾಡಿಸಬಾರದು. ಹೆಸರು ಅಡಗಿಸುವುದು ಬೇರೆ, ಇನ್ನೊಬ್ಬನ ಹೆಸರು ಕದಿಯುವುದು ಬೇರೆ. ಕಾನೂನೂ ಈ ವ್ಯತ್ಯಾಸವನ್ನು ಒಪ್ಪುತ್ತದೆ. ಭಾರತದ ಐಟಿ ಕಾಯ್ದೆಯ 66ಸಿ ಮತ್ತು 66ಡಿ ಕಲಮುಗಳು ಶಿಕ್ಷಿಸುವುದು ಇನ್ನೊಬ್ಬನ ಗುರುತನ್ನು ಮೋಸಕ್ಕೆ ಬಳಸಿದವನನ್ನು, ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಕೆನ್ಯಾದ 2018ರ ಸೈಬರ್ ಅಪರಾಧ ಕಾಯ್ದೆಯಲ್ಲೂ ಮೂರು ವರ್ಷ, ದಂಡ ಎರಡು ಲಕ್ಷ ಶಿಲ್ಲಿಂಗ್‌ವರೆಗೆ.

ನಕಲಿ ಖಾತೆ ಕಂಡರೆ ಏನು ಮಾಡಬೇಕು? ಕುಂದಾಪುರದ ಆ ಹೆಣ್ಣುಮಗಳು ಮಾಡಿದ್ದನ್ನೇ. ಊರಿನ ಸೈಬರ್ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು, ಅದರ ಸ್ವೀಕೃತಿ ಪತ್ರ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ. ಖಾತೆಯ ಪೂರ್ತಿ ವಿಳಾಸ, ಅಂದರೆ ಸರ್ವರ್‌ನ ಹೆಸರೂ ಕಾಣುವ ಹಾಗೆ, ತಾರೀಕು ಗಂಟೆ ಸಮೇತ ತೆಗೆದಿಡಬೇಕು. ಹೆಸರು ಮತ್ತು ಫೋಟೋ ಮಾತ್ರ ಇರುವ ಸ್ಕ್ರೀನ್‌ಶಾಟಿನಿಂದ ವಿಕೇಂದ್ರಿತ ತಾಣದಲ್ಲಿ ಯಾರನ್ನೂ ಹುಡುಕಲಿಕ್ಕೆ ಆಗುವುದಿಲ್ಲ. ಕೆಲಸದ ಕಂಪೆನಿಗೂ ರಾಯಭಾರ ಕಚೇರಿಗೂ ನಾವೇ ಮೊದಲು ತಿಳಿಸಬೇಕು, ಬೇರೆಯವರು ತಿಳಿಸುವ ಮುಂಚೆ.

ಸ್ಕ್ರೀನ್‌ಶಾಟಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಸೌದಿಯ ಆ ಇಬ್ಬರ ವಿಷಯದಲ್ಲಿ ನಕಲಿ ಖಾತೆ ಸೃಷ್ಟಿಸಿದವರು ಬೆರಳೆಣಿಕೆಯ ಮಂದಿ. ಅದನ್ನು 'ನೋಡಿ ಇವನು ಬರೆದದ್ದು' ಎಂದು ಗುಂಪಿನಿಂದ ಗುಂಪಿಗೆ ದಾಟಿಸಿದವರು ಯಾರು, ಎಷ್ಟು ಮಂದಿ? ವೋಚರಿಗೆ ಸಹಿ ಇಲ್ಲ, ಬಿಲ್ಲಿನ ಮೂಲ ಪ್ರತಿ ಇಲ್ಲ ಎಂದರೆ ನಾವು ಹತ್ತು ರೂಪಾಯಿಯನ್ನೂ ಪುಸ್ತಕಕ್ಕೆ ಏರಿಸುವುದಿಲ್ಲ. ಒಬ್ಬ ಮನುಷ್ಯನ ಬದುಕು ಹೋಗುವ ಚಿತ್ರವನ್ನು ಮೂಲ ನೋಡದೆ ಮುಂದೆ ಕಳಿಸುತ್ತೇವೆ. ಬಳಗದ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ನಿಯಮ ಬರಲಿ: ಯಾರದ್ದೇ ಹೆಸರಿನ ಸ್ಕ್ರೀನ್‌ಶಾಟ್ ಹಾಕುವವರು ಮೂಲ ಪೋಸ್ಟಿನ ಕೊಂಡಿ ಕೊಡಬೇಕು, ಕೊಡದಿದ್ದರೆ ಅಡ್ಮಿನ್ ಅಳಿಸಬೇಕು. ಆ ಹೆಸರಿನವನು ನಮಗೆ ಆಗದವನಾದರೂ ಸರಿ.

ಡೊಮೈನ್ ಖರೀದಿ, ಇಬ್ಬರು ಜವಾಬ್ದಾರರ ನೇಮಕ, ಅಧಿಕೃತ ಖಾತೆಗಳ ಪಟ್ಟಿ, ಈ ಮೂರನ್ನೂ ಮುಂದಿನ ಮಹಾಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ನೈರೋಬಿಯ ನಾವು ಕೇಳಿಕೊಳ್ಳುತ್ತೇವೆ. ಮೊದಲ ಐದು ವರ್ಷದ ಶುಲ್ಕವನ್ನು ಇಲ್ಲಿಯವರೇ ಹಾಕಿಕೊಳ್ಳಲು ಸಿದ್ಧ. ನವೀಕರಣದ ದಿನಾಂಕ ಮಾತ್ರ ಬಾಡಿಗೆ ಕರಾರು, ವಿಮೆಗಳ ಜೊತೆ ಬಳಗದ ಲೆಕ್ಕಪುಸ್ತಕದಲ್ಲೇ ಬರೆದಿರಲಿ, ಯಾರದ್ದೋ ಮೊಬೈಲಿನ ಅಲಾರಂನಲ್ಲಿ ಅಲ್ಲ.